ಫೋಟೋದಲ್ಲಿ ಕಂಡ ಬಿಳಿ ಹೊಳಪು

ಹೊರನಾಡಿನಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರಿಗೆ ರಾಜಾಜಿನಗರದ ಮೊಮ್ಮಗ, ಕೆಂಗೇರಿ ಉಪನಗರದ ತಂಗಿಯ ಮಗಳು ದಿನವೂ ಸಿಗುವುದು ಮೊಬೈಲಿನಲ್ಲಿ. ನಾಮಕರಣ, ಹೊಸಿಲು ದಾಟಿದ ದಿನ, ಮೊದಲ ಹುಟ್ಟುಹಬ್ಬ, ಎಲ್ಲವೂ ವಾಟ್ಸ್‌ಆ್ಯಪ್‌ಗೆ ಬಂದು ಬೀಳುತ್ತವೆ. ಮನೆಯಲ್ಲಿರುವ ತಾಯಿ ಅಡುಗೆ, ಬಟ್ಟೆ, ಆಫೀಸುಗಳ ನಡುವೆ ಓಡುವ ಮಗುವಿನ ಹಿಂದೆ ಓಡುತ್ತಾಳೆ. ದೂರದ ಅಜ್ಜಿ ಒಂದೇ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡುತ್ತಾರೆ. ಆ ನೋಟ ಒಂದು ಮಗುವಿನ ಕಣ್ಣನ್ನೂ ಜೀವವನ್ನೂ ಉಳಿಸಬಲ್ಲದು. ಅದನ್ನು ಹೇಳುವುದಕ್ಕಾಗಿಯೇ ಈ ಸಲದ ಸಂಪಾದಕೀಯ.

ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಪಾಪೆ ಕೆಂಪಾಗಿ ಕಾಣುವುದು ಸಹಜ. ಕಣ್ಣಿನ ಹಿಂಭಾಗದ ರಕ್ತನಾಳಗಳ ಪದರಕ್ಕೆ ಬೆಳಕು ತಾಗಿ ಹಿಂದಿರುಗುವುದರಿಂದ ಆ ಕೆಂಪು. ಒಂದು ಕಣ್ಣು ಕೆಂಪಾಗಿದ್ದು ಇನ್ನೊಂದು ರಾತ್ರಿಯ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದರೆ, ಅದೂ ಬೇರೆ ಬೇರೆ ಫೋಟೋಗಳಲ್ಲಿ ಮತ್ತೆ ಮತ್ತೆ ಹೊಳೆದರೆ, ಕಣ್ಣಿನ ಡಾಕ್ಟರಿಗೆ ತೋರಿಸಲೇಬೇಕು. ಕೆಲವೊಮ್ಮೆ ಕ್ಯಾಮೆರಾದ ಕೋನದಿಂದಲೂ ಹೀಗಾಗುತ್ತದೆ, ಮಕ್ಕಳ ಕಣ್ಣಿನ ಪೊರೆಯಿಂದಲೂ ಆಗುತ್ತದೆ. ಆದರೆ ಕೆಲವು ಮಕ್ಕಳಲ್ಲಿ ಅದು ರೆಟಿನೋಬ್ಲಾಸ್ಟೋಮಾ, ಅಂದರೆ ರೆಟಿನಾದಲ್ಲಿ ಹುಟ್ಟುವ ಕ್ಯಾನ್ಸರ್. ಸುಮಾರು 16ರಿಂದ 18 ಸಾವಿರ ಹೆರಿಗೆಗೆ ಒಂದು ಮಗುವಿಗೆ ಬರುವ ಈ ರೋಗ ಹೆಚ್ಚುಕಡಿಮೆ ಪೂರ್ತಿಯಾಗಿ ಐದು ವರ್ಷದೊಳಗಿನವರ ಕಾಯಿಲೆ. ತೊದಲು ನುಡಿಯುವ, ಓಡಲು ಕಲಿಯುವ ವಯಸ್ಸಿನದು. ಭಾರತದಲ್ಲಿ ವರ್ಷಕ್ಕೆ ಸುಮಾರು 1,500 ಮಕ್ಕಳಿಗೆ ಬರುತ್ತದೆಂಬ ಅಂದಾಜಿದೆ. ಶುರುವಿನಲ್ಲಿ ಮಗುವಿಗೆ ಸಾಮಾನ್ಯವಾಗಿ ನೋವಿರುವುದಿಲ್ಲ, ಜ್ವರವಿರುವುದಿಲ್ಲ, ಚೆನ್ನಾಗಿ ಉಣ್ಣುತ್ತದೆ, ಆಡುತ್ತದೆ. ಹಾಗಾಗಿಯೇ ತಡವಾಗುತ್ತದೆ.

ಟೆಕ್ಸಾಸ್‌ನ ಬೇಲರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಬ್ರಯನ್ ಶಾ ಅವರ ಮಗನಿಗೆ ಈ ರೋಗ ಬಂದಿತ್ತು. ಚಿಕಿತ್ಸೆಯ ನಂತರ ಅವರು ಮನೆಯ ಹಳೆಯ ಫೋಟೋಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದರು. ಮಗು ಹುಟ್ಟಿ 12 ದಿನವಾದಾಗ ತೆಗೆದ ಚಿತ್ರದಲ್ಲೇ ಬಿಳಿ ಹೊಳಪಿತ್ತು. ಅವರ ತಂಡ ಅದೇ ಜಾಡಿನಲ್ಲಿ ಫೋಟೋಗಳನ್ನು ಪರೀಕ್ಷಿಸುವ ಮೊಬೈಲ್ ಆ್ಯಪ್ ಒಂದನ್ನು ರೂಪಿಸಿತು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನ 40 ಮಕ್ಕಳ 52,982 ಫೋಟೋಗಳನ್ನು ಆ ಆ್ಯಪ್‌ನಿಂದ ಜಾಲಾಡಿತು. ಕಣ್ಣಿನ ರೋಗವಿದ್ದ 20 ಮಕ್ಕಳಲ್ಲಿ 16 ಮಕ್ಕಳ ಫೋಟೋಗಳಲ್ಲಿ, ಡಾಕ್ಟರು ರೋಗ ಗುರುತಿಸುವುದಕ್ಕೆ ಸರಾಸರಿ 1.3 ವರ್ಷ ಮೊದಲೇ, ಬಿಳಿ ಹೊಳಪು ಸಿಕ್ಕಿತು. ಅಂದರೆ ಸುಳಿವು ಮನೆಯ ಆಲ್ಬಮ್ಮಿನಲ್ಲೇ ಕೂತಿತ್ತು.

ಸುಮಾರು ಒಂದು ವರ್ಷ ನಾಲ್ಕು ತಿಂಗಳು ಈ ರೋಗದಲ್ಲಿ ಬಹಳ ದೊಡ್ಡ ಅವಧಿ. 153 ದೇಶಗಳ 4,351 ಮಕ್ಕಳನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶ್ರೀಮಂತ ದೇಶಗಳಲ್ಲಿ ರೋಗ ಪತ್ತೆಯಾಗುವ ಮಧ್ಯಾಂಕ ವಯಸ್ಸು 14 ತಿಂಗಳು, ಬಡ ದೇಶಗಳಲ್ಲಿ 30 ತಿಂಗಳು. ಅಷ್ಟರೊಳಗೆ ಬಡ ದೇಶಗಳ ಅರ್ಧದಷ್ಟು ಮಕ್ಕಳಲ್ಲಿ ರೋಗ ಕಣ್ಣಿನಿಂದ ಆಚೆಗೆ ಹರಡಿರುತ್ತದೆ. ಕಣ್ಣಿನೊಳಗಿದ್ದಾಗಲೇ ಸಿಕ್ಕರೆ ಬಹುಪಾಲು ಮಕ್ಕಳು ಬದುಕುತ್ತಾರೆ.

ಹಾಗಾದರೆ ಮಗುವನ್ನು ಎಲ್ಲಿ ತೋರಿಸುವುದು? ಪಶ್ಚಿಮ ಬೆಂಗಳೂರಿನವರಿಗೆ ಕಣ್ಣಿನ ಆಸ್ಪತ್ರೆ ಎಂದರೆ ಕಾರ್ಡ್ ರಸ್ತೆ. ಡಾ. ಕೆ. ಭುಜಂಗ ಶೆಟ್ಟಿಯವರು 1982ರಲ್ಲಿ ಆರಂಭಿಸಿದ ನಾರಾಯಣ ನೇತ್ರಾಲಯದ ಮುಖ್ಯ ಆಸ್ಪತ್ರೆ ರಾಜಾಜಿನಗರದ ಆ ರಸ್ತೆಯಲ್ಲೇ ಇದೆ. ನಟರಾದ ರಾಜ್‌ಕುಮಾರ್ ಮತ್ತು ಪುನೀತ್ ಅವರ ನೇತ್ರದಾನದಿಂದಾಗಿ ಕನ್ನಡಿಗರ ಮನಸ್ಸಿನಲ್ಲಿ ಅದು ಉಳಿದಿದೆ. ಅನುಮಾನ ಬಂದ ಮಗುವಿಗೆ ಪಾಪೆ ಹಿಗ್ಗಿಸುವ ಹನಿ ಹಾಕಿಸಿ ರೆಟಿನಾ ತೋರಿಸುವುದು ವಿಜಯನಗರ, ಬಸವೇಶ್ವರನಗರದವರಿಗೆ ಅರ್ಧ ದಿನದ ಕೆಲಸ. ರೋಗ ಹೌದೆಂದಾದ ಮೇಲೆ ಮಾತ್ರ ಊರು ದೊಡ್ಡದಾಗುತ್ತದೆ. ಕೀಮೋ ಬೇಕಾದರೆ ಮಕ್ಕಳ ಕ್ಯಾನ್ಸರ್ ವಿಭಾಗ ಬೇಕು. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೊಮ್ಮಸಂದ್ರದ ಹೆಲ್ತ್ ಸಿಟಿ ಆಸ್ಪತ್ರೆಗೋ ಹೋಗಬೇಕು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದಾಗಿನಿಂದ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲೂ ಆರ್.ವಿ. ರಸ್ತೆಯಲ್ಲೂ ಬದಲಿಸಿ ಬೊಮ್ಮಸಂದ್ರ ಸೇರಬಹುದು. ಆದರೆ ಕೀಮೋದಿಂದ ರಕ್ತದ ಬಿಳಿಕಣ ಇಳಿದ ಮಗುವನ್ನು ಆ ಜನಜಂಗುಳಿಯಲ್ಲಿ ಕರೆದೊಯ್ಯುವಂತಿಲ್ಲ. ಆಟೋ, ಕ್ಯಾಬ್‌ಗಳ ಖರ್ಚು ಸಾಮಾನ್ಯವಾಗಿ ವಿಮೆಯ ಲೆಕ್ಕಕ್ಕೆ ಬರುವುದಿಲ್ಲ.

ಮನೆಯ ದಿನಚರಿ ತಲೆಕೆಳಗಾಗುವುದು ಇಲ್ಲಿಂದ. ಒಂದೂವರೆ ವರ್ಷದ ಮಗು ಕಣ್ಣಿನ ಪರೀಕ್ಷೆಗೆ ಅಲುಗಾಡದೆ ಮಲಗುವುದಿಲ್ಲ. ಅರಿವಳಿಕೆ ಕೊಟ್ಟೇ ನೋಡಬೇಕು, ಅದೂ ಮೊದಮೊದಲು ಮೂರು ನಾಲ್ಕು ವಾರಕ್ಕೊಮ್ಮೆ. ಅರಿವಳಿಕೆಗೆ ಆರು ಗಂಟೆ ಮೊದಲೇ ಹಸುವಿನ ಹಾಲು, ರಾಗಿ ಸರಿ ನಿಲ್ಲಿಸಬೇಕು. ತಾಯಿಯ ಹಾಲನ್ನು ನಾಲ್ಕು ಗಂಟೆ ಮೊದಲು. ನೀರನ್ನು ಎರಡು ಗಂಟೆ ಮೊದಲು. ಬೆಳಿಗ್ಗೆ ಎದ್ದೊಡನೆ ಹಾಲಿಗೆ ಕೈಚಾಚುವ ಮಗುವಿಗೆ ಇದನ್ನು ವಿವರಿಸಿ ಹೇಳುವ ಭಾಷೆ ಯಾವ ತಾಯಿಯ ಬಳಿಯೂ ಇಲ್ಲ. ಅಂಥ ಬೆಳಗಿನಲ್ಲಿ ಮನೆಯ ಯಾರೂ ಮಗುವಿನ ಎದುರು ಕಾಫಿ ಕುಡಿಯುವುದಿಲ್ಲ, ಅಣ್ಣನೋ ಅಕ್ಕನೋ ಪಕ್ಕದ ಮನೆಯಲ್ಲಿ ತಿಂಡಿ ತಿಂದು ಶಾಲೆಗೆ ಹೋಗುತ್ತಾರೆ.

ಕೀಮೋ ಸಾಮಾನ್ಯವಾಗಿ ಆರು ಸುತ್ತು, ಮೂರು ನಾಲ್ಕು ವಾರದ ಅಂತರದಲ್ಲಿ. ನಡುವೆ ಜ್ವರ ಬಂದರೆ ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು. ಪ್ಯಾರಾಸಿಟಮಾಲ್ ಹಾಕಿ ಬೆಳಗಿನವರೆಗೆ ಕಾಯುವ ಹಾಗಿಲ್ಲ. ಆ ಐದಾರು ತಿಂಗಳು ಮದುವೆ ಇಲ್ಲ, ಜಾತ್ರೆ ಇಲ್ಲ, ನೆಗಡಿಯಾದ ನೆಂಟರಿಗೆ ಬಾಗಿಲು ತೆರೆಯುವಂತಿಲ್ಲ. ಮಗು ನೋಡಲು ಹಣ್ಣುಹಂಪಲು ಹಿಡಿದು ಮನೆ ತುಂಬ ಜನ ಬರುವ ನಮ್ಮ ಪದ್ಧತಿಗೆ ಇದು ಒರಟಾಗಿ ಕಾಣುತ್ತದೆ. ಹೊರನಾಡಿನಿಂದ ರಜೆಗೆಂದು ಊರಿಗೆ ಹೋಗುವವರು, ವಿಮಾನದಲ್ಲಿ ಹತ್ತಿದ ಕೆಮ್ಮು ಪೂರ್ತಿ ಹೋಗುವವರೆಗೆ ಆ ಮನೆಯ ಮೆಟ್ಟಿಲು ಹತ್ತದಿರುವುದೇ ಪ್ರೀತಿ.

ಆದರೂ ಆ ವಯಸ್ಸಿನ ಮಗು ರೋಗಿಯಾಗಿ ಬದುಕುವುದಿಲ್ಲ. ಕೂದಲು ಉದುರಿದ ತಲೆಯ ಮೇಲೆ ಪಾತ್ರೆ ಹಾಕಿಕೊಂಡು ನಗುತ್ತದೆ, ಗೋಡೆಗೆ ಗೀಚುತ್ತದೆ, ಊಟಕ್ಕೆ ಸತಾಯಿಸುತ್ತದೆ. ಅದಕ್ಕೆ ಗದರಬೇಕೋ ಬೇಡವೋ ಎಂದು ಅಪ್ಪ ಅಮ್ಮ ತಡವರಿಸುತ್ತಾರೆ. ಗದರಲಿ. ಮಗುವಿಗೆ ಬೇಕಾಗಿರುವುದು ಹಿಂದಿನಂತೆಯೇ ನಡೆಯುವ ಮನೆ.

ಕಣ್ಣು ತೆಗೆಯಬೇಕು ಎಂದು ಡಾಕ್ಟರು ಹೇಳುವ ದಿನವೇ ಅತ್ಯಂತ ಕಷ್ಟದ್ದು. ಗಡ್ಡೆ ಕಣ್ಣನ್ನು ಪೂರ್ತಿ ಆವರಿಸಿದ್ದರೆ, ಅದು ನರದ ಜಾಡು ಹಿಡಿದು ಮೆದುಳಿಗೆ ಹೋಗದಂತೆ ತಡೆಯಲು ಕಣ್ಣನ್ನೇ ತೆಗೆಯುತ್ತಾರೆ. ನಮ್ಮ ದೇಶದಲ್ಲಿ ಅನೇಕ ಕುಟುಂಬಗಳು ಆಸ್ಪತ್ರೆಗೆ ಬರುವುದನ್ನೇ ನಿಲ್ಲಿಸುವುದು ಈ ಮಾತು ಕೇಳಿದ ಮೇಲೆ. ಅದರಲ್ಲೂ ಮಗಳಾಗಿದ್ದರೆ ಮುಂದೆ ಮದುವೆ ಹೇಗೆ ಎಂಬ ಪ್ರಶ್ನೆ ಎರಡು ವರ್ಷದ ಕೂಸಿನ ಮುಂದೆಯೇ ಏಳುತ್ತದೆ. ಇಲ್ಲಿ ದೂರದ ನೆಂಟರ ಪಾತ್ರ ದೊಡ್ಡದು. ‘ಅವಸರ ಮಾಡ್ಬೇಡಿ, ಇಲ್ಲಿ ವಿಚಾರಿಸ್ತೀನಿ’ ಎಂದು ಸೋದರಮಾವ ಫೋನಿನಲ್ಲಿ ಹೇಳುತ್ತಾರೆ. ಇನ್ನೊಬ್ಬ ತಜ್ಞರನ್ನು ಕೇಳುವುದು ತಪ್ಪಲ್ಲ; ಅದು ಒಂದು ವಾರದೊಳಗೆ ಮುಗಿಯಬೇಕು. ತಿಂಗಳುಗಟ್ಟಲೆ ಎಳೆದ ಸದಾಶಯ ಮಗುವಿನ ಜೀವಕ್ಕೆ ಎರವಾಗುತ್ತದೆ. ಶಸ್ತ್ರಚಿಕಿತ್ಸೆಯಾಗಿ ಆರೇಳು ವಾರದಲ್ಲಿ ಕೃತಕ ಕಣ್ಣು ಕೂರಿಸುತ್ತಾರೆ, ಮಗು ಬೆಳೆದಂತೆ ಅದನ್ನು ಬದಲಿಸುತ್ತಾರೆ. ಒಂದು ಕಣ್ಣಿನ ನೋಟಕ್ಕೆ ಪುಟ್ಟ ಮಕ್ಕಳು ದೊಡ್ಡವರಿಗಿಂತ ಎಷ್ಟೋ ಬೇಗ ಹೊಂದಿಕೊಳ್ಳುತ್ತಾರೆ. ‘ಕೊಲಂಬೊ’ ಧಾರಾವಾಹಿಯ ನಟ ಪೀಟರ್ ಫಾಕ್ ಇದೇ ರೋಗಕ್ಕೆ ಮೂರನೇ ವಯಸ್ಸಿನಲ್ಲಿ ಬಲಗಣ್ಣು ಕಳೆದುಕೊಂಡು, 83 ವರ್ಷ ಬದುಕಿದವರು.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಮಗುವಿಗೆ ಕ್ಯಾನ್ಸರ್ ಎಂದೊಡನೆ ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದೆಯಾ, ಏನು ತಿಂದಿದ್ದೆ, ನಿಮ್ಮ ಕಡೆ ಯಾರಿಗಾದರೂ ಇತ್ತಾ ಎಂದು ವಿಚಾರಣೆ ಶುರುವಾಗುತ್ತದೆ. ಆರೋಪಿ ಯಾವಾಗಲೂ ತಾಯಿ. ಅಮೆರಿಕದ ವೈದ್ಯ ಆಲ್‌ಫ್ರೆಡ್ ನಡ್ಸನ್ 1971ರಲ್ಲಿ ಇಂಥ 48 ಮಕ್ಕಳ ವಿವರ ಹಿಡಿದು ಲೆಕ್ಕ ಹಾಕಿ, ರೆಟಿನಾದ ಒಂದು ಜೀವಕೋಶದಲ್ಲಿ ಎರಡು ಬಾರಿ ವಂಶವಾಹಿ ಕೆಟ್ಟಾಗ ಈ ರೋಗ ಹುಟ್ಟುತ್ತದೆ ಎಂದು ತೋರಿಸಿಕೊಟ್ಟರು. ಆ ಆರ್‌ಬಿ1 ವಂಶವಾಹಿ 13ನೇ ವರ್ಣತಂತುವಿನಲ್ಲಿದೆ. ಸುಮಾರು ಶೇಕಡಾ 40ರಷ್ಟು ಮಕ್ಕಳಲ್ಲಿ ದೋಷ ಮೈಯ ಎಲ್ಲ ಕೋಶಗಳಲ್ಲೂ ಇರುತ್ತದೆ. ಅವರಲ್ಲೂ ಹೆಚ್ಚಿನವರ ವಂಶದಲ್ಲಿ ಯಾರಿಗೂ ರೋಗವಿರುವುದಿಲ್ಲ, ದೋಷ ಆ ಮಗುವಿನಲ್ಲೇ ಹೊಸದಾಗಿ ಮೂಡಿರುತ್ತದೆ. ತಾಯಿ ತಿಂದದ್ದು, ನೋಡಿದ್ದು, ಮಾಡಿದ್ದು ಯಾವುದೂ ಕಾರಣವಲ್ಲ. ಇದನ್ನು ಅತ್ತೆ ಮಾವಂದಿರ ಎದುರು ಗಟ್ಟಿಯಾಗಿ ಹೇಳುವ ಒಬ್ಬ ಹಿರಿಯರು ಪ್ರತಿ ಕುಟುಂಬದಲ್ಲೂ ಬೇಕು. ರಕ್ತಪರೀಕ್ಷೆ ಬೇಕಾಗಿರುವುದು ತಪ್ಪು ಹೊರಿಸಲಿಕ್ಕಲ್ಲ, ಒಡಹುಟ್ಟಿದವರ ಮತ್ತು ಮುಂದೆ ಹುಟ್ಟುವ ತಮ್ಮ ತಂಗಿಯರ ಕಣ್ಣನ್ನು ಹುಟ್ಟಿದ ಮೊದಲ ವಾರಗಳಿಂದಲೇ ಕಾಯಲಿಕ್ಕೆ.

ದುಡ್ಡಿನ ವಿಷಯಕ್ಕೆ ಬಂದರೆ, ಚಿಕಿತ್ಸೆಯ ಖರ್ಚಿಗೆ ಈಗ ದಾರಿಗಳಿವೆ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ. ಪೀಣ್ಯ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ತಾಯಂದಿರಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ಇದೆ. ವಿಮೆಯ ಕಾರ್ಡಿನಲ್ಲಿ ಮಗುವಿನ ಚಿಕಿತ್ಸೆಯೂ ಸೇರುತ್ತದೆ. ಆದರೆ ಸಂಬಳ? ಇಎಸ್‌ಐ ಕೊಡುವ ಅನಾರೋಗ್ಯ ಭತ್ಯೆ, ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇಕಡಾ 70ರಷ್ಟು, ಕಾರ್ಮಿಕರ ಸ್ವಂತ ಕಾಯಿಲೆಗೆ ಮಾತ್ರ. ಮಗುವಿನ ತಲೆದೆಸೆಯಲ್ಲಿ ಕೂತ ದಿನಗಳಿಗೆ ಇಲ್ಲ. ರಾಜ್ಯ ಸರ್ಕಾರದ ಮಹಿಳಾ ನೌಕರರಿಗೆ 2021ರಿಂದ ಆರು ತಿಂಗಳ ಶಿಶುಪಾಲನಾ ರಜೆ ಸಿಕ್ಕಿದೆ. ಖಾಸಗಿಯವರಿಗೆ ಅಂಥದ್ದು ಮಾಲೀಕರ ಮನಸ್ಸಿದ್ದರೆ ಉಂಟು. ಹಾಗಾಗಿ ಇಂಥ ಮನೆಗಳಲ್ಲಿ ಮೊದಲು ನಿಲ್ಲುವುದು ತಾಯಿಯ ಕೆಲಸ, ಆಮೇಲೆ ಬಾಕಿ ಬೀಳುವುದು ಬಾಡಿಗೆ, ಆಮೇಲೆ ದೊಡ್ಡ ಮಗುವಿನ ಶಾಲೆಯ ಫೀಸು. ಔಷಧಿ ಪುಕ್ಕಟೆ ಸಿಗುತ್ತಿದ್ದರೂ ಚಿಕಿತ್ಸೆ ನಡುವೆ ಕೈಬಿಡುವವರು ಈ ಮನೆಗಳಿಂದಲೇ.

ಹೊರನಾಡ ಸಂಘಗಳು ಇಂಥ ಹೊತ್ತಿನಲ್ಲಿ ಒಂದು ದೊಡ್ಡ ಚೆಕ್ ಬರೆದು ಫೋಟೋ ತೆಗೆಸಿಕೊಳ್ಳುವುದಕ್ಕಿಂತ, ಒಂದು ಮನೆಯ ಬಾಡಿಗೆಯನ್ನೂ ಆಸ್ಪತ್ರೆಯ ಓಡಾಟದ ಖರ್ಚನ್ನೂ ಕೀಮೋ ಮುಗಿಯುವ ತನಕ ತಿಂಗಳು ತಿಂಗಳು ಹೊತ್ತರೆ ಹೆಚ್ಚು ಉಪಕಾರ. ಆಸ್ಪತ್ರೆಗಳ ಸಮಾಜಕಾರ್ಯ ವಿಭಾಗಗಳ ಮೂಲಕ ಅದನ್ನು ತಲುಪಿಸಬಹುದು. ನಮ್ಮ ಸದಸ್ಯರಲ್ಲಿ ಬೆಂಗಳೂರಿನಲ್ಲಿ ಕಚೇರಿ, ಕಾರ್ಖಾನೆಗಳಿರುವ ಕಂಪನಿಗಳ ಮೇಲಿನ ಹುದ್ದೆಗಳಲ್ಲಿ ಕುಳಿತವರೂ ಇದ್ದಾರೆ. ಕ್ಯಾನ್ಸರ್ ಬಂದ ಐದು ವರ್ಷದೊಳಗಿನ ಮಗುವಿನ ತಾಯಿಗೋ ತಂದೆಗೋ ಆರು ತಿಂಗಳ ಸಂಬಳಸಹಿತ ರಜೆ ಎಂಬ ಒಂದು ಸಾಲನ್ನು ತಮ್ಮ ಕಂಪನಿಯ ನಿಯಮದಲ್ಲಿ ಸೇರಿಸಲು ಅವರಿಗೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.