ಕೃತಕ ಮಂಡಿಯ ಬೆಲೆ ಇಳಿಯಿತು, ಆಪರೇಷನ್ ನಂತರದ ನೋವಿನ ಲೆಕ್ಕ ಯಾರದ್ದು?

2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಕೃತಕ ಮಂಡಿ ಕೀಲಿಗೆ ಗರಿಷ್ಠ ಬೆಲೆ ನಿಗದಿಪಡಿಸಿತು. ಅಲ್ಲಿಯವರೆಗೆ ಸರಾಸರಿ 1.58 ಲಕ್ಷ ರೂ. ಇದ್ದ ಕೋಬಾಲ್ಟ್-ಕ್ರೋಮಿಯಂ ಕೀಲು, ಜಿಎಸ್‌ಟಿ ಬಿಟ್ಟು 54,720 ರೂ.ಗೆ ಇಳಿಯಿತು. ಸಾವಿರಾರು ಕುಟುಂಬಗಳಿಗೆ ಇದರಿಂದ ಅನುಕೂಲವಾಗಿದ್ದು ನಿಜ. ಆದರೆ ಕಡಿವಾಣ ಬಿದ್ದಿದ್ದು ಕೀಲಿನ ಬೆಲೆಗೆ ಮಾತ್ರ. ಮನೆಗೆ ಬಂದ ಮೇಲಿನ ಫಿಸಿಯೋಥೆರಪಿ ಖರ್ಚು ಆ ಲೆಕ್ಕದಲ್ಲಿ ಸೇರಿಲ್ಲ.

ಈ ಶಸ್ತ್ರಚಿಕಿತ್ಸೆ ದೇಶದಲ್ಲಿ ಮನೆಮಾತಾಗಿದ್ದು ಅಟಲ್ ಬಿಹಾರಿ ವಾಜಪೇಯಿ ಅವರಿಂದ. ಪ್ರಧಾನಿಯಾಗಿದ್ದಾಗಲೇ, 2000 ಮತ್ತು 2001ರಲ್ಲಿ, ಮುಂಬೈನ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಅವರ ಎರಡೂ ಮಂಡಿಗಳಿಗೆ ಆಪರೇಷನ್ ಆಯಿತು. ಈಗಿನ ಜಾಹೀರಾತುಗಳು ಮರುದಿನವೇ ನಡೆಯಬಹುದು ಎನ್ನುತ್ತವೆ. ಅದು ಸುಳ್ಳಲ್ಲ, ವಾಕರ್ ಹಿಡಿಸಿ ನಡೆಸುತ್ತಾರೆ. ಹೇಳದೆ ಬಿಡುವುದು ನಂತರದ ಆರು ವಾರಗಳ ಕಥೆ.

ಕುರ್ಚಿಯಿಂದ ಸಲೀಸಾಗಿ ಏಳಲು ಮಂಡಿ ಕನಿಷ್ಠ 90 ಡಿಗ್ರಿ ಮಡಚಬೇಕು, ನಡೆಯುವಾಗ ಪೂರ್ತಿ ನೇರವಾಗಬೇಕು. ಮೊದಲ ವಾರಗಳಲ್ಲಿ ನೋವಿಗೆ ಹೆದರಿ ವ್ಯಾಯಾಮ ಬಿಟ್ಟರೆ ಒಳಗಿನ ಗಾಯದ ಅಂಗಾಂಶ ಬಿಗಿದುಕೊಂಡು ಕಾಲು ಸೆಟೆಯುತ್ತದೆ. ಕೆಲವರಿಗೆ ಮತ್ತೆ ಅರಿವಳಿಕೆ ಕೊಟ್ಟು ಮಡಚಿಸಬೇಕಾಗುತ್ತದೆ. ನಮ್ಮ ಹಿರಿಯರು ‘ಮಾತ್ರೆ ಕಡಿಮೆ ತಗೊಂಡಷ್ಟೂ ಒಳ್ಳೆಯದು’ ಎಂದುಕೊಂಡು ನೋವಿನ ಮಾತ್ರೆ ಬಿಡುತ್ತಾರೆ, ಅದರ ಬೆನ್ನಿಗೇ ವ್ಯಾಯಾಮವೂ ನಿಲ್ಲುತ್ತದೆ. ವೈದ್ಯರು ಬರೆದುಕೊಟ್ಟ ಮಾತ್ರೆ ಇರುವುದೇ ವ್ಯಾಯಾಮ ಮಾಡಲು ಸಾಧ್ಯವಾಗಲಿ ಎಂದು. ಮಂಡಿಯ ಕೆಳಗೆ ದಿಂಬಿಟ್ಟು ಮಲಗಿದರೆ ಹಾಯೆನಿಸುತ್ತದೆ, ಆದರೆ ಕಾಲು ನೇರವಾಗುವುದು ತಪ್ಪುತ್ತದೆ.

ಊತ, ಬಿಸಿ ಕೆಲವು ತಿಂಗಳು ಇರಬಹುದು. ಹೊಲಿಗೆಯ ಹೊರಬದಿಯಲ್ಲಿ ಜೋಮು, ನಡೆಯುವಾಗ ಟಿಕ್ ಎನ್ನುವ ಸದ್ದು ಸಾಮಾನ್ಯ. ಮೀನಖಂಡದಲ್ಲಿ ನೋವು ಮತ್ತು ಊತ, ಏದುಸಿರು, ಜ್ವರ, ಗಾಯದಿಂದ ಕೀವು ಕಂಡರೆ ಮಾತ್ರ ಒಂದು ದಿನವೂ ಕಾಯಬಾರದು.

ಇನ್ನೊಂದು ಕಹಿ ಸತ್ಯವಿದೆ. ಎಲ್ಲವನ್ನೂ ಸರಿಯಾಗಿ ಮಾಡಿದರೂ ಸುಮಾರು ಐವರಲ್ಲಿ ಒಬ್ಬರು ಫಲಿತಾಂಶದಿಂದ ತೃಪ್ತರಾಗಿರುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಉಳಿದುಹೋಗುವ ನೋವು ಅದಕ್ಕೆ ಮುಖ್ಯ ಕಾರಣ. ಸಹಿ ಹಾಕಿಸಿಕೊಳ್ಳುವ ಮುನ್ನ ಇದನ್ನು ರೋಗಿಗೆ ಬಿಡಿಸಿ ಹೇಳಬೇಕು. ಹೇಳದಿದ್ದಾಗ ನೋವು ಅನುಭವಿಸುವವರೇ ‘ಸರಿಯಾಗಿ ವ್ಯಾಯಾಮ ಮಾಡಲಿಲ್ಲ’ ಎಂಬ ಮಾತನ್ನೂ ಕೇಳಬೇಕಾಗುತ್ತದೆ.

ಚೇತರಿಕೆಗೆ ಮೂರು ತಿಂಗಳಿಂದ ಒಂದು ವರ್ಷ ಬೇಕು. ಹಲವು ವಿಮಾ ಪಾಲಿಸಿಗಳಲ್ಲಿ ಡಿಸ್ಚಾರ್ಜ್ ನಂತರದ ವೆಚ್ಚಕ್ಕೆ 60 ದಿನಗಳ ಮಿತಿ. ಮುಂಬೈ, ಪುಣೆಯ ಎರಡು ಕೋಣೆಯ ಫ್ಲಾಟಿನಲ್ಲಿ ಮಗ-ಸೊಸೆ ಇಬ್ಬರೂ ಕೆಲಸಕ್ಕೆ ಹೋದರೆ ಅಮ್ಮನ ಕಾಲು ಮಡಚಿಸುವವರು ಯಾರು? ಮನೆಗೆ ಬರುವ ಫಿಸಿಯೋಥೆರಪಿಸ್ಟ್‌ಗೆ ದಿನದ ಲೆಕ್ಕದಲ್ಲಿ ಹಣ ಕೊಡಬೇಕು, ಹೀಗಾಗಿ ಮೊದಲು ನಿಲ್ಲುವುದೂ ಅದೇ. ಕೀಲಿನ ಬೆಲೆಯಂತೆ ಫಿಸಿಯೋಥೆರಪಿಯೂ ಪ್ಯಾಕೇಜಿನಲ್ಲಿ ಸ್ಪಷ್ಟವಾಗಿ ನಮೂದಾಗುವಂತೆ ಸರ್ಕಾರ ಮಾಡಬೇಕು. ಅಲ್ಲಿಯವರೆಗೆ, ದಾಖಲಾಗುವ ಮುನ್ನ ಎಷ್ಟು ದಿನದ ಫಿಸಿಯೋಥೆರಪಿ ಸೇರಿದೆ ಎಂದು ಆಸ್ಪತ್ರೆಯವರಿಂದ ಬರೆಸಿಕೊಳ್ಳಿ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ಅದನ್ನೂ ಆಗಲೇ ಹಾಕಿಸಿ.