ತನ್ನಲ್ಲಿ ಲೀನನೇ ಈ ಮಗು?

೨೦೧೯ನೆಯ ಇಸವಿ ಡಿಸೆಂಬರ್ ೨೬ರ ಬೆಳಗ್ಗೆ ಸೂರ್ಯಗ್ರಹಣವಾಯಿತು. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಅದು ಕಂಕಣವಾಗಿ ಕಂಡಿತು. ಚಳ್ಳಕೆರೆ ತಾಲ್ಲೂಕಿನ ನಮ್ಮ ನನ್ನಿವಾಳದಲ್ಲಿ ಸೂರ್ಯನು ಕುಡುಗೋಲಿನಂತಾದನು. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಾವು ಗ್ರಹಣದ ಕನ್ನಡಕವನ್ನು ತಂದಿದ್ದೆವು. ಅಂಗಳದಲ್ಲಿ ನಿಂತು ನಾವೂ ನೋಡಿದೆವು, ಗರ್ಭಿಣಿಯಾಗಿದ್ದ ನಮ್ಮ ಮನೆಯಾಕೆಗೂ ತೋರಿಸಿದೆವು. ಮರುವರ್ಷ ಮಗನು ಹುಟ್ಟಿದನು. ಮೂರು ವರ್ಷ ತುಂಬಿದರೂ ಅವನಿಗೆ ಮಾತು ಬರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡಲಿಲ್ಲ. ಬೆಂಗಳೂರಿನ ವೈದ್ಯರು ಆಟಿಸಂ ಎಂದರು. ಊರಿನವರು ಗ್ರಹಣ ಎಂದರು. ತೋರಿಸಿದವರು ನಾವು, ಬೈಗುಳ ಬಿದ್ದುದು ನೋಡಿದವಳ ಮೇಲೆ.

ಗ್ರಹಣವೆಂದರೆ ಚಂದ್ರನ ನೆರಳು. ರಾತ್ರಿಯೆಂದರೆ ಭೂಮಿಯ ನೆರಳು. ಲೋಕದ ಗರ್ಭಿಣಿಯರೆಲ್ಲರೂ ದಿನವೂ ನೆರಳಿನಲ್ಲಿಯೇ ಮಲಗಿ ಏಳುತ್ತಾರೆ. ಇಷ್ಟನ್ನು ನಾವು ಜಗುಲಿಯ ಮೇಲೆ ಕುಳಿತು ಹೇಳಿ ನೋಡಿದೆವು, ಯಾರೂ ಒಪ್ಪಲಿಲ್ಲ. ಆದರೆ ಹಳ್ಳಿಯವರನ್ನು ಮಾತ್ರ ದೂರುವುದು ನ್ಯಾಯವಲ್ಲ. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳನ್ನು ವರ್ಣಿಸಿ ಈ ಸ್ಥಿತಿಯನ್ನು ವೈದ್ಯಲೋಕದ ಗಮನಕ್ಕೆ ತಂದರಷ್ಟೆ. ಆ ಬಳಿಕ ಬಹುಕಾಲ ಅಲ್ಲಿಯ ವಿದ್ವಾಂಸರೂ ತಾಯಿಯ ಪ್ರೀತಿ ತಣ್ಣಗಿದ್ದುದೇ ಇದಕ್ಕೆ ಕಾರಣವೆಂದು ಗ್ರಂಥಗಳನ್ನು ಬರೆದರು. ಅದನ್ನು ೧೯೬೪ರಲ್ಲಿ ಖಂಡಿಸಿದ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞರು ಸ್ವತಃ ಅಂಥ ಮಗುವಿನ ತಂದೆ. ೧೯೭೭ರಲ್ಲಿ ಫೋಲ್‌ಸ್ಟೈನ್ ಮತ್ತು ರಟ್ಟರ್ ಎಂಬವರು ಅವಳಿ ಮಕ್ಕಳನ್ನು ಪರೀಕ್ಷಿಸಿ ಇದರಲ್ಲಿ ಅನುವಂಶದ ಪಾತ್ರವಿರುವುದನ್ನು ತೋರಿಸಿದರು. ಇದು ಗರ್ಭದಲ್ಲಿಯೇ ಮೊದಲಾಗುವ, ಅನೇಕ ಜೀನುಗಳು ಕೂಡಿ ಉಂಟುಮಾಡುವ, ಮಿದುಳಿನ ಬೆಳವಣಿಗೆಯ ಒಂದು ಭೇದವೆಂದು ಇಂದು ತಿಳಿದಿದೆ. ಗ್ರಹಣವಾಗಲಿ, ಲಸಿಕೆಯಾಗಲಿ, ತಾಯಿಯ ಲಾಲನೆಯಾಗಲಿ ಕಾರಣವಲ್ಲ.

ಇದಕ್ಕೆ ಕನ್ನಡದಲ್ಲಿ ಸ್ವಲೀನತೆ ಎಂಬ ಹೆಸರು ರೂಢಿಗೆ ಬಂದಿದೆ. ತನ್ನಲ್ಲಿ ತಾನೇ ಮುಳುಗಿರುವುದು ಎಂದು ಅರ್ಥ. ಗ್ರೀಕ್ ಮೂಲವೂ ಅದನ್ನೇ ಹೇಳುತ್ತದೆ. ಮಗನೊಡನೆ ಕೆಲವು ವರ್ಷ ಕಳೆದಮೇಲೆ ಈ ಹೆಸರೇ ತಪ್ಪೆಂದು ನಮಗೆ ತೋರತೊಡಗಿದೆ. ಹಾಗೆ ತೋರಿದ ಬಗೆಯನ್ನು ಹೇಳುತ್ತೇವೆ.

ಊರಿನಾಚೆ ಹೊಲದ ದಾರಿಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇದೆ, ಜನರು ಟಿ.ಸಿ. ಎನ್ನುತ್ತಾರೆ. ಸಂಜೆ ತಿರುಗಾಡಲು ಹೋದಾಗಲೆಲ್ಲ ಹುಡುಗನು ಅಲ್ಲಿ ನಿಂತುಬಿಡುತ್ತಿದ್ದನು. ನಾವು ಅವನ ಕೈಯನ್ನು ಬಿಗಿಯಾಗಿ ಹಿಡಿದು, ದೂರದಲ್ಲಿಯೇ ನಿಲ್ಲಿಸಿಕೊಂಡು, ಇದೆಂಥ ಹಟವೆಂದು ಬೇಸರಪಡುತ್ತಿದ್ದೆವು. ಒಂದು ಸಂಜೆ ಅವನು ಬಾಯಿ ಮುಚ್ಚಿಕೊಂಡೇ ಒಂದು ಸ್ವರವನ್ನು ಹಿಡಿದನು. ಬಿಟ್ಟನು, ಮತ್ತೆ ಅದನ್ನೇ ಹಿಡಿದನು. ಮರುದಿನವೂ ಅದೇ ಸ್ವರ. ಕುತೂಹಲದಿಂದ ಫೋನಿನಲ್ಲಿ ಕಂಪನಾಂಕವನ್ನು ಅಳೆದೆವು. ಸೆಕೆಂಡಿಗೆ ೩೦೦ರ ಆಸುಪಾಸು!

ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದು. ಒಂದೊಂದು ಆವರ್ತದಲ್ಲಿಯೂ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಎರಡು ಸಲ ಕಾಂತವಾಗಿ, ಅತ್ಯಲ್ಪವಾಗಿ ಹಿಗ್ಗಿ ಕುಗ್ಗುತ್ತದೆ. ಆದುದರಿಂದ ಅದರ ಗುಂಯ್‌ಗಾನದ ಮೂಲಸ್ವರ ೧೦೦. ಅದರ ಜೊತೆಗೆ ೨೦೦, ೩೦೦ ಮೊದಲಾದ ಉಪಸ್ವರಗಳು ಬೆರೆತಿರುತ್ತವೆ. ಎಳೆಯ ಕಂಠಕ್ಕೆ ನೂರು ಎಟುಕದು. ಎಟುಕುವ ಮುನ್ನೂರನ್ನು ಅವನು ಆರಿಸಿಕೊಂಡಿದ್ದನು. ಈ ಪಾಠವನ್ನು ನಾವು ಪ್ರತಿವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತೇವೆ. ಆದರೆ ಟ್ರಾನ್ಸ್‌ಫಾರ್ಮರಿನ ಮುಂದೆ ನಿಂತು ಒಮ್ಮೆಯಾದರೂ ಕಿವಿಗೊಟ್ಟವರಲ್ಲ. ಇವರಿಬ್ಬರಲ್ಲಿ ತನ್ನಲ್ಲಿಯೇ ಲೀನನಾಗಿದ್ದವನು ಯಾರೆಂಬುದನ್ನು ವಾಚಕರೇ ಹೇಳಲಿ.

ಇದು ತಂದೆಯ ಮೋಹದ ಮಾತಷ್ಟೇ ಅಲ್ಲ. ಲಂಡನ್ನಿನಲ್ಲಿ ೧೯೮೩ರಲ್ಲಿ ಅಮಿತಾ ಶಾ ಮತ್ತು ಉಟಾ ಫ್ರಿತ್ ಎಂಬ ಇಬ್ಬರು ಮಹಿಳೆಯರು ದೊಡ್ಡ ಚಿತ್ರದೊಳಗೆ ಅಡಗಿದ ಸಣ್ಣ ಆಕೃತಿಯನ್ನು ಹುಡುಕುವ ಪರೀಕ್ಷೆಯಲ್ಲಿ ಆಟಿಸಂ ಉಳ್ಳ ಮಕ್ಕಳು ಮುಂದಿರುವುದನ್ನು ಕಂಡರು. ೧೯೯೮ರಲ್ಲಿ ಪಮೇಲಾ ಹೀಟನ್ ಮತ್ತು ಸಂಗಡಿಗರು, ಸಂಗೀತವನ್ನು ಕಲಿಯದಿದ್ದ ಇಂಥ ಮಕ್ಕಳು ಸ್ವರದ ಎತ್ತರವನ್ನು ಇತರ ಮಕ್ಕಳಿಗಿಂತ ಚೆನ್ನಾಗಿ ನೆನಪಿಟ್ಟುಕೊಳ್ಳುವುದನ್ನು ಕಂಡರು. ಇವು ಗುಂಪಿನ ಸರಾಸರಿಗಳು. ಪ್ರತಿಯೊಂದು ಮಗುವಿಗೂ ಅನ್ವಯಿಸುವ ನಿಯಮಗಳಲ್ಲ.

ನಮ್ಮ ಸೀಮೆಯಲ್ಲಿ ಮ್ಯಾಸನಾಯಕರು ದೇವರ ಎತ್ತುಗಳನ್ನು ಸಾಕುತ್ತಾರೆ. ಅವನ್ನು ಉಳುಮೆಗೆ ಹೂಡುವುದಿಲ್ಲ, ಕಾಯುವಾತನು ಕಿಲಾರಿ. ಜನರ ಗುಂಪನ್ನು ಕಂಡರೆ ಕಿವಿ ಮುಚ್ಚಿಕೊಳ್ಳುವ ನಮ್ಮ ಹುಡುಗನು ಎತ್ತುಗಳ ಗುಂಪಿನ ಬಳಿ ಶಾಂತನಾಗಿರುತ್ತಾನೆ. ಒಮ್ಮೆ ಎತ್ತುಗಳು ನೀರಿನ ತೊಟ್ಟಿಯ ದಾರಿಯಲ್ಲಿ ನಿಂತುಬಿಟ್ಟವು. ಎಷ್ಟು ಗದರಿದರೂ ಮುಂದೆ ಹೆಜ್ಜೆಯಿಡಲೊಲ್ಲವು. ಹುಡುಗನು ನಮ್ಮ ಕೈ ಬಿಡಿಸಿಕೊಂಡು ಹೋಗಿ, ಜಾಲಿಯ ಮುಳ್ಳಿಗೆ ಸಿಕ್ಕಿ ಬಿಸಿಲಿಗೆ ಮಿನುಗುತ್ತಿದ್ದ ಪ್ಲಾಸ್ಟಿಕ್ ಚೀಲವನ್ನು ಕಿತ್ತು ತಂದನು. ಎತ್ತುಗಳು ನಡೆದವು. “ಇವನ್ದು ದನದ ಕಣ್ಣು ಮೇಷ್ಟ್ರೇ, ನಮಗೆ ಕಾಣದ್ದು ಇವನಿಗೆ ಕಾಣ್ತೈತೆ” ಎಂದನು ಕಿಲಾರಿ. ಅದಕ್ಕಿಂತ ದೊಡ್ಡ ಪ್ರಶಂಸೆ ಆತನ ಬಾಯಲ್ಲಿ ಇರಲಾರದು. ಎತ್ತುಗಳ ಸಲುವಾಗಿಯೇ ಹುಡುಗನು ಅದನ್ನು ಕಿತ್ತನೋ, ಮಿನುಗು ಅವನನ್ನು ಸೆಳೆಯಿತೋ ನಾವು ಹೇಳಲಾರೆವು. ಆದರೆ ೧೯೪೭ರಲ್ಲಿ ಹುಟ್ಟಿದ, ಮೂರು ವರ್ಷ ಕಳೆದರೂ ಮಾತು ಬಾರದಿದ್ದ ಟೆಂಪಲ್ ಗ್ರ್ಯಾಂಡಿನ್ ಎಂಬಾಕೆ ಅಮೆರಿಕದಲ್ಲಿ ಪಶುವಿಜ್ಞಾನದ ಪ್ರಾಧ್ಯಾಪಕಿಯಾದುದು ಇಂಥ ಕಣ್ಣಿನಿಂದಲೇ. ತೂಗಾಡುವ ಸರಪಳಿ, ನೆಲದ ಮೇಲಿನ ನೆರಳು, ನೀರಿನ ಮಿಂಚು ಇವು ದನಗಳನ್ನು ತಡೆಯುತ್ತವೆಂದು ಆಕೆ ತೋರಿಸಿಕೊಟ್ಟು, ಕೊಟ್ಟಿಗೆ ಓಣಿಗಳ ರಚನೆಯನ್ನೇ ಬದಲಿಸಿದರು.

ಕಷ್ಟಗಳಿಲ್ಲವೆಂದು ನಾವು ಹೇಳುತ್ತಿಲ್ಲ. ನಿದ್ರೆಯಿಲ್ಲದ ರಾತ್ರಿಗಳನ್ನು ಎಣಿಸುವುದನ್ನು ಬಿಟ್ಟಿದ್ದೇವೆ. ಮಾತಿನ ತರಬೇತಿಗೆ ಮೈಸೂರಿನಲ್ಲಿ ೧೯೬೬ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಕಡಲೆಕಾಯಿ ಬೆಳೆಯನ್ನು ನಂಬಿ ಮಳೆಗಾಗಿ ಆಕಾಶ ನೋಡುವ ಸಂಸಾರಕ್ಕೆ ಎರಡೂ ದೂರ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಆಟಿಸಂ ಸೇರಿದೆ. ಆದರೂ ಒಂದು ಶಾಲೆಯವರು ನಮ್ಮ ಹುಡುಗನನ್ನು ಎರಡನೆಯ ವಾರದಲ್ಲಿ ಹಿಂದಕ್ಕೆ ಕಳುಹಿಸಿದರು.

ಇನ್ನೊಂದು ತೊಂದರೆ ಹಿತೈಷಿಗಳಿಂದ. ಇಂಥ ಮಕ್ಕಳಲ್ಲಿ ಮಹಾಮೇಧಾವಿಗಳಿರುತ್ತಾರಂತೆ, ನಿಮ್ಮವನ ವಿಶೇಷವೇನು ಎಂದು ಕೇಳುತ್ತಾರೆ. ವಿಶೇಷವೊಂದಿದ್ದರೆ ಮಾತ್ರ ಮಗುವಿಗೆ ಬೆಲೆಯೆಂಬ ಈ ಲೆಕ್ಕಾಚಾರ ನಮಗೆ ಸೇರದು. ನಮ್ಮ ಹುಡುಗನು ವರ್ಗಮೂಲ ತೆಗೆಯುವುದಿಲ್ಲ. ರೊಟ್ಟಿ ಮುರಿದರೆ ಅಳುತ್ತಾನೆ, ಕಂಬಳಿಯ ಒರಟು ನೂಲನ್ನು ಕೆನ್ನೆಗೆ ಉಜ್ಜಿಕೊಂಡು ನಗುತ್ತಾನೆ. ಆ ನಗುವಿನಲ್ಲಿ ಯಾರನ್ನೂ ಮೆಚ್ಚಿಸುವ ಉದ್ದೇಶವಿಲ್ಲ. ದಿನವಿಡೀ ಮುಖ ನೋಡಿ ನಗುವ ಜನರ ನಡುವೆ ಕೆಲಸಮಾಡಿ ಬರುವ ನಮಗೆ ಅದೊಂದು ವಿಶ್ರಾಂತಿ.

ತಜ್ಞರಲ್ಲಿ ನಮ್ಮದೊಂದು ಬೇಡಿಕೆಯಿದೆ. ಮಗುವನ್ನು ಪರೀಕ್ಷಿಸುವಾಗ ಅವರು ತುಂಬಿಸುವ ಹಾಳೆಗಳನ್ನು ನಾವು ಓದಿದ್ದೇವೆ. ಬೆರಳು ತೋರಿಸುವುದಿಲ್ಲ, ಕಣ್ಣು ಸೇರಿಸುವುದಿಲ್ಲ, ಜೊತೆಗೂಡಿ ಆಡುವುದಿಲ್ಲ. ಪುಟಕ್ಕೆ ಪುಟವೇ ಇಲ್ಲಗಳು. ಚಿಕಿತ್ಸೆಗೆ ಅವು ಬೇಕು, ಒಪ್ಪಿದೆವು. ಆದರೆ ಯಾರೂ ಹೇಳಿಕೊಡದೆ ಈ ಮಗು ಏನನ್ನು ನೋಡುತ್ತದೆ, ಏನನ್ನು ಆಲಿಸುತ್ತದೆ ಎಂಬುದಕ್ಕೆ ಒಂದು ಪುಟ ಬೇಡವೇ? ಅದನ್ನು ತುಂಬಿಸಬಲ್ಲವರು ತಾಯಂದಿರು. ಆಟಿಸಂ ಉಳ್ಳವರೇ ಆದ ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ ೨೦೧೨ರಲ್ಲಿ ಬರೆದಂತೆ, ಅರ್ಥವಾಗದಿರುವುದು ಎರಡೂ ಕಡೆಯ ಕೊರತೆ. ಅವರ ಕಡೆಯದನ್ನು ಅಳೆಯುವ ಹಾಳೆಗಳು ಬೇಕಾದಷ್ಟಿವೆ.

ಈಗ ಸಂಜೆ ನಾವು ಮೂವರೂ ಹೊಲದ ದಾರಿಗೆ ಹೋಗುತ್ತೇವೆ. ಮೊದಮೊದಲು ಜನರ ಕಣ್ಣಿಗೆ ಹೆದರಿ ಬಾರದಿದ್ದ ತಾಯಿಯೂ ಬಂದು, ಮಗನು ಹಿಡಿದ ಸ್ವರಕ್ಕೆ ತನ್ನ ಸ್ವರವನ್ನು ಕೂಡಿಸುತ್ತಾಳೆ. ಕಳೆದ ತಿಂಗಳು ಹಳೆಯ ಟಿ.ಸಿ. ಸುಟ್ಟುಹೋಗಿ ಹೊಸದನ್ನು ಕೂಡಿಸಿದರು. ನಮಗೆ ಯಾವ ವ್ಯತ್ಯಾಸವೂ ಕೇಳಿಸಲಿಲ್ಲ. ಹುಡುಗನು ಎರಡು ದಿನ ಕಿವಿ ಮುಚ್ಚಿಕೊಂಡು ಮುನಿಸಿನಿಂದ ನಿಂತಿದ್ದು, ಮೂರನೆಯ ದಿನ ಹೊಸ ಸ್ವರವೊಂದನ್ನು ಹುಡುಕತೊಡಗಿದನು.