ಕಾಣದವರ ಕಾಳಜಿ

ಅಮೆರಿಕ ಮತ್ತು ಕೆನಡಾದ ಬಹಳಷ್ಟು ಹಳೆಯ ಮನೆಗಳಲ್ಲಿ ಇಟ್ಟಿಗೆಯ ಅಗ್ಗಿಷ್ಟಿಕೆ ಇರುತ್ತದೆ. ಸೌದೆ ತಂದು, ಬೂದಿ ತೆಗೆದು, ಹೊಗೆ ಕುಡಿಯುವ ತಾಪತ್ರಯ ಬೇಡವೆಂದು ಈಗ ಬಹಳಷ್ಟು ಜನ ಆ ಗೂಡಿನೊಳಗೆ ಗ್ಯಾಸಿನಿಂದ ಉರಿಯುವ ಲೋಹದ ಪೆಟ್ಟಿಗೆಯೊಂದನ್ನು ಕೂರಿಸಿಕೊಳ್ಳುತ್ತಾರೆ. ಅದಕ್ಕೆ ಗ್ಯಾಸ್ ಫೈರ್‌ಪ್ಲೇಸ್ ಇನ್ಸರ್ಟ್ ಎನ್ನುತ್ತಾರೆ. ರಿಮೋಟ್ ಒತ್ತಿದರೆ ಗಾಜಿನ ಹಿಂದೆ ಜ್ವಾಲೆ ಏಳುತ್ತದೆ. ನೋಡುವುದಕ್ಕೆ ಟಿವಿ ಹಾಕಿಸಿದಷ್ಟೇ ಸಲೀಸು. ಆದರೆ ಅದನ್ನು ಕೂರಿಸುವುದಕ್ಕೆ ಅಮೆರಿಕದಲ್ಲಿ ಎನ್‌ಎಫ್‌ಪಿಎ 54 ಎಂಬ ಗ್ಯಾಸ್ ಸಂಹಿತೆ, ಎನ್‌ಎಫ್‌ಪಿಎ 211 ಎಂಬ ಚಿಮಣಿ ಸಂಹಿತೆ, ಕೆನಡಾದಲ್ಲಿ ಸಿಎಸ್‌ಎ ಬಿ149.1 ಎಂಬ ಗ್ಯಾಸ್ ಸಂಹಿತೆ, ಇವುಗಳ ಜೊತೆಗೆ ತಯಾರಕರ ಕೈಪಿಡಿಗಳೂ ಇವೆ. ಒಣ ಅಂಕಿಗಳಿಂದ ತುಂಬಿದ ಈ ಪುಸ್ತಕಗಳ ಉದ್ದಕ್ಕೂ ಒಂದು ನೈತಿಕ ನಿಲುವು ಹರಿದಿದೆ. ನಾಳೆ ಈ ಬೆಂಕಿಯ ಎದುರು ಕೂರುವ, ಇಂದು ನಮಗೆ ಪರಿಚಯವೇ ಇಲ್ಲದ ಮನುಷ್ಯನ ಪ್ರಾಣಕ್ಕೂ ನಾವೇ ಹೊಣೆ ಎಂಬ ನಿಲುವು ಅದು.

ಮೊದಲು ಚಿಮಣಿಯನ್ನೇ ನೋಡಿ. ಸೌದೆಯ ಹೊಗೆಗೆಂದು ಕಟ್ಟಿದ ಅದರ ಒಡಲು ವಿಶಾಲ. ಗ್ಯಾಸಿನ ಹೊಗೆ ಅಷ್ಟು ಬಿಸಿಯೂ ಅಲ್ಲ, ಅಷ್ಟು ದಟ್ಟವೂ ಅಲ್ಲ. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಉರಿದರೆ ಹೆಚ್ಚುಕಡಿಮೆ ಒಂದೂವರೆ ಕಿಲೋ ನೀರು ಆವಿಯಾಗಿ ಹೊರಡುತ್ತದೆ. ದೊಡ್ಡ ಚಿಮಣಿಯಲ್ಲಿ ಆ ಆವಿ ಅರ್ಧ ದಾರಿಯಲ್ಲೇ ತಣ್ಣಗಾಗಿ, ಹುಳಿಯಾದ ನೀರಾಗಿ ಗೋಡೆಗಿಳಿದು, ವರ್ಷಗಟ್ಟಲೆ ಇಟ್ಟಿಗೆಯ ಗಾರೆಯನ್ನು ತಿನ್ನುತ್ತದೆ. ಮೇಲೇರುವ ಬಲವಿಲ್ಲದ ಹೊಗೆ ಕೋಣೆಗೇ ಮರಳಬಹುದು. ಆದ್ದರಿಂದ ಚಿಮಣಿಯ ತುದಿಯವರೆಗೂ ಲೈನರ್ ಎಂಬ ಲೋಹದ ಕೊಳವೆಯನ್ನು ಇಳಿಬಿಡಬೇಕು. 'ಡೈರೆಕ್ಟ್ ವೆಂಟ್' ಮಾದರಿಯಲ್ಲಿ ಇಂಥ ಕೊಳವೆಗಳು ಎರಡು, ಸಾಮಾನ್ಯವಾಗಿ ಮೂರು ಇಂಚು ವ್ಯಾಸದವು. ಒಂದು ಹೊರಗಿನ ಗಾಳಿಯನ್ನು ಬೆಂಕಿಗೆ ತರುತ್ತದೆ, ಇನ್ನೊಂದು ಹೊಗೆಯನ್ನು ಹೊರಗೊಯ್ಯುತ್ತದೆ. ಮನೆಯವರು ಉಸಿರಾಡುವ ಗಾಳಿಯ ತಂಟೆಗೆ ಬೆಂಕಿ ಬರುವುದೇ ಇಲ್ಲ.

ಇದನ್ನೆಲ್ಲ ಕೂರಿಸುವಾಗ ಚಿಮಣಿಯ ಬಾಯಿ ಮುಚ್ಚುವ ಹಳೆಯ ಡ್ಯಾಂಪರನ್ನು ಕಿತ್ತುಹಾಕಬೇಕಾಗಬಹುದು, ಗೂಡಿನ ಒಳಭಾಗವನ್ನು ಕೊಂಚ ಕತ್ತರಿಸಬೇಕಾಗಬಹುದು. ಹಾಗೆ ಮಾಡಿದರೆ ಗೂಡಿನಲ್ಲಿ ಒಂದು ಲೋಹದ ಫಲಕವನ್ನು ಬಿಗಿಯಬೇಕು ಎನ್ನುತ್ತವೆ ಕೈಪಿಡಿಗಳು. ಈ ಅಗ್ಗಿಷ್ಟಿಕೆಯನ್ನು ಇನ್ಸರ್ಟ್‌ಗಾಗಿ ಮಾರ್ಪಡಿಸಲಾಗಿದೆ, ಮತ್ತೆ ಸೌದೆ ಉರಿಸುವ ಮುಂಚೆ ಬಲ್ಲವರಿಂದ ಪರೀಕ್ಷೆ ಮಾಡಿಸಬೇಕು ಎಂಬುದು ಅದರ ಸಾರ. ಈಗಿನ ಯಜಮಾನನಿಗೆ ಆ ಫಲಕ ಬೇಕಿಲ್ಲ, ಅವನಿಗೆ ಎಲ್ಲ ಗೊತ್ತು. ಇಪ್ಪತ್ತು ವರ್ಷದ ಮೇಲೆ ಮನೆ ಕೊಂಡು, ಪೆಟ್ಟಿಗೆಯನ್ನು ತೆಗೆಸಿ, ಖುಷಿಯಿಂದ ಸೌದೆ ಒಟ್ಟಲು ಹೊರಟವನಿಗೆ ಅದು ಬೇಕು.

ಗಾಜಿನ ಮಾತೂ ಹಾಗೆಯೇ. ಉರಿಯುವ ಇನ್ಸರ್ಟ್‌ನ ಗಾಜು 250 ಡಿಗ್ರಿ ಸೆಲ್ಸಿಯಸ್‌ನ ಹತ್ತಿರಕ್ಕೂ ಕಾಯಬಲ್ಲದು. ದೊಡ್ಡವರು ದೂರ ನಿಲ್ಲುತ್ತಾರೆ. ಆಗಷ್ಟೇ ಹೆಜ್ಜೆ ಕಲಿಯುತ್ತಿರುವ ಮಗು ತಡವರಿಸಿದಾಗ ಆಸರೆಗೆಂದು ಎರಡೂ ಅಂಗೈಯನ್ನು ಆ ಗಾಜಿಗೇ ಊರುತ್ತದೆ. ಇಂಥ ಸುಟ್ಟ ಗಾಯಗಳು ಮೇಲಿಂದ ಮೇಲೆ ಆದವು. ಕೊನೆಗೆ, 2015ರ ಜನವರಿ 1ರಿಂದಾಚೆ ತಯಾರಾಗುವ ಉಪಕರಣಗಳಲ್ಲಿ ಗಾಜು 172 ಡಿಗ್ರಿ ಫ್ಯಾರನ್‌ಹೀಟ್ ಮೀರಿ ಕಾಯುವುದಾದರೆ ಮುಂದೊಂದು ತಡೆಜಾಲರಿಯನ್ನು ಜೊತೆಗೇ ಕೊಡಬೇಕೆಂದು ಅಲ್ಲಿನ ಮಾನಕಗಳು ವಿಧಿಸಿದವು. ನೋಟ ಕೆಡುತ್ತದೆಂದು ಆ ಜಾಲರಿಯನ್ನು ಕಳಚಿಡುವವರು ಮಗುವಿನ ಅಂಗೈಯನ್ನು ನೆನೆಯಬೇಕು.

ಇನ್ನು ಗ್ಯಾಸು. ಅದಕ್ಕೆ ತನ್ನದೇ ವಾಸನೆ ಇಲ್ಲ. 1937ರ ಮಾರ್ಚ್ 18ರಂದು ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆ ಸ್ಫೋಟಗೊಂಡು ಮುನ್ನೂರರಷ್ಟು ಜನ ಸತ್ತರು. ಹೆಚ್ಚಿನವರು ಮಕ್ಕಳು. ತೈಲದ ದುಡ್ಡಿನಿಂದ ಸಿರಿವಂತವಾಗಿದ್ದ ಆ ಶಾಲೆ ಬಿಲ್ಲು ಉಳಿಸಲು ತೈಲಬಾವಿಗಳ ಉಳಿಕೆ ಅನಿಲದ ಕೊಳವೆಗೆ ಸಂಪರ್ಕ ಪಡೆದಿತ್ತು. ಸೋರಿದ ಅನಿಲ ಕಟ್ಟಡದ ಅಡಿಯಲ್ಲಿ ತುಂಬಿಕೊಂಡರೂ ಯಾರ ಮೂಗಿಗೂ ತಿಳಿಯಲಿಲ್ಲ. ಗ್ಯಾಸಿಗೆ ದುರ್ವಾಸನೆ ಬೆರೆಸಲೇಬೇಕೆಂದು ಟೆಕ್ಸಾಸ್ ಶಾಸನ ಮಾಡಿದ್ದು ಅದೇ ವರ್ಷ. ನಮ್ಮ ಅಡುಗೆಮನೆಯ ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುವ ನಾತವೂ ಹೀಗೆ ಬೇಕೆಂದೇ ಬೆರೆಸಿದ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದ್ದು.

ಉರಿದ ಮೇಲೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಮಾತ್ರ ಈ ಉಪಾಯ ನಡೆಯದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ಆಮೇಲೆ ಏಳಲಾಗದ ನಿದ್ದೆ. ಅದಕ್ಕೇ ಮಲಗುವ ಕೋಣೆಗಳ ಬಳಿ ಅದರ ಇರವನ್ನು ಸಾರುವ ಅಲಾರಂ ಬೇಕು. ಕೆನಡಾದಲ್ಲಿ, ಕ್ಯಾಲಿಫೋರ್ನಿಯಾದ ಮನೆಗಳಲ್ಲಿ ಹೊಗೆ ಕೊಳವೆಯೇ ಇಲ್ಲದ ಗ್ಯಾಸ್ ಅಗ್ಗಿಷ್ಟಿಕೆಗೆ ಅನುಮತಿ ಇಲ್ಲದಿರುವುದಕ್ಕೂ ಈ ಭಯವೇ ಹಿನ್ನೆಲೆ.

ಡಲ್ಲಾಸಿನಲ್ಲೋ ಟೊರಾಂಟೊದಲ್ಲೋ ಇರುವ ಮಗಳು ಅಳಿಯ ಹಳೆಯ ಮನೆ ಕೊಂಡಿದ್ದರೆ ಈ ಮಾತು ನೇರವಾಗಿ ಅವರಿಗೆ. ಆದರೆ ಇದು ಬೆಂಗಳೂರಿಗೂ ಸಲ್ಲುತ್ತದೆ. ನಮ್ಮ ಹಂಚಿನ ಮನೆಗಳ ಬಚ್ಚಲೊಲೆಯ ಹೊಗೆ ಕಣ್ಣುರಿಸಿದರೂ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಈಗಿನ ಫ್ಲ್ಯಾಟುಗಳ ಬಚ್ಚಲು ನಾಲ್ಕಡಿ ಆರಡಿಯ ಮುಚ್ಚಿದ ಡಬ್ಬಿ. ಅದರೊಳಗೆ ಹೊಗೆ ಕೊಳವೆಯಿಲ್ಲದ ಗ್ಯಾಸ್ ಗೀಸರ್ ತೂಗುಹಾಕಿ, ಚಳಿಯೆಂದು ಕಿಟಕಿಯನ್ನೂ ಮುಚ್ಚಿ ಸ್ನಾನಕ್ಕೆ ನಿಂತವರು ಅಲ್ಲೇ ಕುಸಿದು ಸತ್ತ ಸುದ್ದಿ ಪ್ರತಿ ಚಳಿಗಾಲವೂ ಎಂಬಂತೆ ಪತ್ರಿಕೆಯಲ್ಲಿ ಬರುತ್ತದೆ. ಓದಿ, ಮರುಗಿ, ಪುಟ ತಿರುವುತ್ತೇವೆ.

ಇದನ್ನು ದುರದೃಷ್ಟವೆಂದು ಕರೆದು ಸುಮ್ಮನಾಗುವುದು ತಪ್ಪು. ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಬಾಲ್ಕನಿಯಲ್ಲೋ ಯುಟಿಲಿಟಿಯಲ್ಲೋ ಇಟ್ಟು ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರಬಹುದು. ಪ್ಲಂಬರನ ಅರ್ಧ ದಿನದ ಕೆಲಸ. ನಮ್ಮ ನಗರದ ಬಾಡಿಗೆ ಮನೆಗಳಲ್ಲಿ ಹನ್ನೊಂದು ತಿಂಗಳಿಗೊಮ್ಮೆ ಹೊಸಬರು ಬರುತ್ತಾರೆ. ಹಾಸನದಿಂದಲೋ ರಾಯಚೂರಿನಿಂದಲೋ ಕೆಲಸ ಹುಡುಕಿ ಬಂದ ಆ ಹುಡುಗ ಹುಡುಗಿಯರಿಗೆ ಗೋಡೆಯ ಮೇಲಿನ ಗೀಸರಿನ ಚರಿತ್ರೆ ಗೊತ್ತಿರುವುದಿಲ್ಲ. ಅಡ್ವಾನ್ಸ್ ಎಣಿಸಿಕೊಂಡು ಬೀಗದ ಕೈ ಕೊಡುವ ಮಾಲೀಕರಿಗೆ ಗೊತ್ತಿರುತ್ತದೆ. ಆ ಗೀಸರನ್ನು ಹೊರಗೆ ಹಾಕಿಸುವ ಕೆಲಸ ಅವರದು, ಮತ್ತು ಅದು ಬೀಗದ ಕೈ ಕೊಡುವ ಮುಂಚೆಯೇ ಆಗಬೇಕು.